ಆಫ್‌ಗ್ರಿಡ್ ಬದುಕಿನಲ್ಲಿ ಸಂಪಾದನೆ: ಬಿಸಿಲಿನ ವೇಳಾಪಟ್ಟಿ, ಗ್ರಾಹಕರ ವೇಳಾಪಟ್ಟಿ

ಕರೆಂಟಿನ ಕಂಬವಾಗಲಿ ನಲ್ಲಿಯ ನೀರಾಗಲಿ ತಲುಪದ ಜಾಗದಲ್ಲಿ, ಅಂದರೆ ಆಫ್‌ಗ್ರಿಡ್ ಆಗಿ, ಮನೆ ಮಾಡಿಕೊಂಡಿದ್ದೇನೆ ಎಂದು ತಿಳಿದ ಕೂಡಲೇ ಜನ ಕೇಳುವುದು ರಾತ್ರಿ ದೀಪಕ್ಕೆ ಏನು ಮಾಡುತ್ತೀರಿ ಎಂದು. ಎರಡನೆಯ ಪ್ರಶ್ನೆ ನೀರಿನದು. ಹೊಟ್ಟೆಪಾಡಿನ ಪ್ರಶ್ನೆ ಬರುವ ಹೊತ್ತಿಗೆ ಮಾತು ಮುಗಿಯುತ್ತಾ ಬಂದಿರುತ್ತದೆ, ಅದೂ ಸಂಕೋಚದಿಂದ ಬರುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ದೀಪಕ್ಕೂ ನೀರಿಗೂ ಒಂದು ಸಲ ಸರಿಯಾಗಿ ಹಣ ಮತ್ತು ಶ್ರಮ ಹಾಕಿದರೆ ವರ್ಷಗಟ್ಟಲೆ ನಿಶ್ಚಿಂತೆಯಿಂದ ಇರಬಹುದು. ಸಂಪಾದನೆಯ ಸಮಸ್ಯೆ ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ. ಹೀಗೆ ಬದುಕಲು ಹೊರಟು ಮರಳಿ ಪಟ್ಟಣ ಸೇರಿದವರಲ್ಲಿ ನನಗೆ ಪರಿಚಯವಿರುವವರು ಯಾರೂ ಕತ್ತಲೆಗೆ ಹೆದರಿ ಹೋದವರಲ್ಲ. ಕೈಯಲ್ಲಿ ಕಾಸು ನಿಲ್ಲದೆ ಹೋದವರೇ ಎಲ್ಲರೂ.

ನಾನು ತಾಂತ್ರಿಕ ಕೈಪಿಡಿಗಳನ್ನು ಬರೆಯುತ್ತೇನೆ, ಬೇರೆಯವರ ಬರವಣಿಗೆಯ ಕರಡು ತಿದ್ದಿಕೊಡುತ್ತೇನೆ. ಅದರ ಜೊತೆಗೆ ಜೇನು ಸಾಕುತ್ತೇನೆ ಮತ್ತು ಸುತ್ತಲಿನವರ ಸೋಲಾರ್ ವ್ಯವಸ್ಥೆ ಕೆಟ್ಟಾಗ ರಿಪೇರಿ ಮಾಡಿಕೊಡುತ್ತೇನೆ. ಈ ಪೈಕಿ ಯಾವುದು ಒಳ್ಳೆಯ ಕಸುಬು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಕೆಲಸ ಯಾವುದೆಂದು ಕೇಳುವ ಮುಂಚೆ ಆ ಕೆಲಸದ ವೇಳೆಯನ್ನು ಗೊತ್ತುಮಾಡುವವರು ಯಾರು ಎಂದು ಕೇಳಿಕೊಳ್ಳಿ. ಬಿಸಿಲು, ಮೋಡ, ಮಳೆ, ಹೂಬಿಡುವ ಕಾಲ ಇವುಗಳ ವೇಳಾಪಟ್ಟಿಯನ್ನು ಬದಲಿಸುವ ಶಕ್ತಿ ಯಾರಿಗೂ ಇಲ್ಲ. ಆ ಪಟ್ಟಿಗೆ ಹೊಂದಿಕೊಂಡು ಒಂದೆರಡು ದಿನ ಹಿಂದುಮುಂದು ಸರಿಯಬಲ್ಲ ಕೆಲಸ ಆಫ್‌ಗ್ರಿಡ್ ಮನೆಯಲ್ಲಿ ಅಗ್ಗವಾಗಿ ನಡೆಯುತ್ತದೆ. ಇಂಥ ದಿನ, ಇಂಥ ಗಂಟೆಗೆ ಆಗಲೇಬೇಕು ಎನ್ನುವ ಕೆಲಸ ಎಷ್ಟೇ ಸಂಬಳ ತಂದರೂ ಅದರ ಗಣನೀಯ ಪಾಲನ್ನು ಬ್ಯಾಟರಿಯೂ ಜನರೇಟರೂ ನುಂಗಿಹಾಕುತ್ತವೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 50 ವಾಟ್ ಎಳೆಯುವ ಲ್ಯಾಪ್‌ಟಾಪನ್ನು ದಿನಕ್ಕೆ 6 ಗಂಟೆ ಬಳಸಿದರೆ ಆಗುವ ಖರ್ಚು 300 ವಾಟ್-ಗಂಟೆ, ಅಂದರೆ ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಉಪಗ್ರಹ ಇಂಟರ್ನೆಟ್ಟಿನ ಡಿಶ್ ಸುಮಾರು 60 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಹಗಲು ರಾತ್ರಿ ಚಾಲೂ ಇಟ್ಟಾಗ ಅದೊಂದೇ 1,440 ವಾಟ್-ಗಂಟೆ ತಿನ್ನುತ್ತದೆ. ಬ್ಯಾಟರಿಯ ಡಿಸಿ (ಏಕಮುಖ) ವಿದ್ಯುತ್ತನ್ನು ಮನೆಬಳಕೆಯ ಎಸಿ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರಿಗೆ ಯಾವ ಉಪಕರಣವನ್ನು ಜೋಡಿಸದಿದ್ದರೂ ಅದು ಎಚ್ಚರವಾಗಿರುವುದಕ್ಕೇ 20 ವಾಟ್ ಬೇಕಾದರೆ ದಿನಕ್ಕೆ ಮತ್ತೆ 480. ಒಟ್ಟು 2,220 ವಾಟ್-ಗಂಟೆಯಲ್ಲಿ ನಿಜವಾದ ಕೆಲಸಕ್ಕೆ ಹೋದದ್ದು 300 ಮಾತ್ರ. ಡಿಶ್ಶನ್ನು ಕೆಲಸದ 6 ಗಂಟೆ ಮಾತ್ರ ಚಾಲೂ ಇಟ್ಟು, ಅದನ್ನೂ ಲ್ಯಾಪ್‌ಟಾಪನ್ನೂ ಇನ್ವರ್ಟರಿನ ಹಂಗಿಲ್ಲದೆ ನೇರವಾಗಿ ಬ್ಯಾಟರಿಯ ಡಿಸಿ ವಿದ್ಯುತ್ತಿನಿಂದ, ಯುಎಸ್‌ಬಿ-ಸಿ ಚಾರ್ಜರಿನಂತಹ ಸಾಧನಗಳ ಮೂಲಕ ನಡೆಸಿದರೆ ಇಡೀ ಕಚೇರಿ 660 ವಾಟ್-ಗಂಟೆಯಲ್ಲಿ ಮುಗಿಯುತ್ತದೆ. ಮೊದಲಿನ ಮೂರನೆಯ ಒಂದು ಭಾಗವೂ ಅಲ್ಲ, ಕೆಲಸದಲ್ಲಿ ಒಂದಿಷ್ಟೂ ಕಡಿತವಿಲ್ಲ.

ಈಗ ಇದೇ ಕಚೇರಿಯನ್ನು ಗ್ರಾಹಕರ ಗಡಿಯಾರಕ್ಕೆ ಕಟ್ಟಿಹಾಕಿ ನೋಡೋಣ. ಸಂಜೆಯ ಹೊತ್ತು ವಿಡಿಯೊ ಸಭೆ ಇದೆ, ಬೆಳಗಿನ ಜಾವ ಇನ್ನೊಂದು ದೇಶದವರ ಕರೆ ಇದೆ, ಯಾವಾಗ ಸಂದೇಶ ಬಂದರೂ ಉತ್ತರಿಸಬೇಕು ಎಂದಾದರೆ ಡಿಶ್ ಆರಿಸುವ ಹಾಗಿಲ್ಲ. ಬಿಸಿಲಿಲ್ಲದ ಹೊತ್ತಿನ ಬಳಕೆಯೆಲ್ಲ ಬ್ಯಾಟರಿಯ ಮೂಲಕವೇ ಹಾಯಬೇಕು. ಅದಕ್ಕಿಂತ ಮುಖ್ಯವಾಗಿ, ಇಡೀ ವ್ಯವಸ್ಥೆಯನ್ನು ವರ್ಷದ ಅತ್ಯಂತ ಕೆಟ್ಟ ವಾರವನ್ನು ನೆನಪಿನಲ್ಲಿಟ್ಟುಕೊಂಡು ಕಟ್ಟಬೇಕಾಗುತ್ತದೆ. ದಟ್ಟ ಮೋಡ ಕವಿದ ದಿನ ಒಂದು ಪ್ಯಾನೆಲ್ ತನ್ನ ಒಳ್ಳೆಯ ದಿನದ ಉತ್ಪಾದನೆಯ ಐದನೆಯ ಒಂದು ಪಾಲನ್ನೂ ಕೊಡದೆ ಹೋಗಬಹುದು. ಅಂತಹ ಐದಾರು ದಿನ ಸಾಲಾಗಿ ಬಂದರೂ ಕಚೇರಿ ನಿಲ್ಲಬಾರದು ಎಂದರೆ ಪ್ಯಾನೆಲ್ಲುಗಳನ್ನೂ ಬ್ಯಾಟರಿಯನ್ನೂ ಹಲವು ಪಟ್ಟು ಹೆಚ್ಚಿಸಬೇಕು, ಮತ್ತು ಹಾಗೆ ಹೆಚ್ಚಿಸಿದ್ದು ವರ್ಷದ ಉಳಿದ ದಿನಗಳಲ್ಲಿ ಸುಮ್ಮನೆ ಕುಳಿತಿರುತ್ತದೆ. ಆ ವಾರ ಕೆಲಸವನ್ನು ಮುಂದೂಡುವ ಸ್ವಾತಂತ್ರ್ಯ ಇರುವವರಿಗೆ ಈ ಖರ್ಚೇ ಇಲ್ಲ.

ಪ್ಯಾನೆಲ್ಲಿನ ಮೇಲೆ ಮುದ್ರಿಸಿದ ಸಂಖ್ಯೆಯನ್ನು ನಂಬಿ ಸಂಪಾದನೆಯ ಯೋಜನೆ ಹಾಕುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಚದರ ಮೀಟರಿಗೆ 1,000 ವಾಟ್ ಬಿಸಿಲು ಬೀಳುತ್ತಿರುವಾಗ, ಸೌರಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಸಿಗುವ ಸಾಮರ್ಥ್ಯವನ್ನು ಅಲ್ಲಿ ಮುದ್ರಿಸಿರುತ್ತಾರೆ. ಉಷ್ಣತೆ ಒಂದೊಂದು ಡಿಗ್ರಿ ಏರಿದಾಗಲೂ ಸಾಮಾನ್ಯ ಸಿಲಿಕಾನ್ ಪ್ಯಾನೆಲ್ಲಿನ ಸಾಮರ್ಥ್ಯ ಶೇಕಡ 0.3ರಿಂದ 0.4ರಷ್ಟು ಇಳಿಯುತ್ತದೆ. ಗಾಳಿಯಾಡದ ಚಾವಣಿಯ ಮೇಲೆ ಕೋಶಗಳು 60 ಡಿಗ್ರಿ ಮುಟ್ಟಿದರೆ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಸೋರಿಹೋಗುತ್ತದೆ. ಪ್ಯಾನೆಲ್ಲಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಗಾಳಿಯಾಡಲು ಬಿಡುವುದು ಇನ್ನೊಂದು ಪ್ಯಾನೆಲ್ ಕೊಳ್ಳುವುದಕ್ಕಿಂತ ಅಗ್ಗದ ಉಪಾಯ.

ಇಂಟರ್ನೆಟ್ಟಿನ ವಿಷಯದಲ್ಲಿ ಪರಿಸ್ಥಿತಿ ನಿಜಕ್ಕೂ ಬದಲಾಗಿದೆ ಎಂದು ಒಪ್ಪಬೇಕು. ಹಳೆಯ ಬಗೆಯ ಭೂಸ್ಥಿರ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿವೆ. ನಮ್ಮ ಮಾತು ಅಲ್ಲಿಗೆ ಹೋಗಿ ಭೂಮಿಗಿಳಿದು, ಉತ್ತರ ಅದೇ ದಾರಿಯಲ್ಲಿ ಮರಳಲು ಬೆಳಕಿನ ವೇಗದಲ್ಲಿ ಸಾಗಿದರೂ ಅರ್ಧ ಸೆಕೆಂಡಿನ ಹತ್ತಿರ ಬೇಕು. ಸಭೆಗಳಲ್ಲಿ ಇಬ್ಬರೂ ಒಟ್ಟಿಗೇ ಮಾತು ಆರಂಭಿಸಿ ಒಟ್ಟಿಗೇ ನಿಲ್ಲಿಸುವ ಮುಜುಗರಕ್ಕೆ ಕಾರಣ ಅದೇ. ಸ್ಟಾರ್‌ಲಿಂಕ್‌ನಂತಹ ವ್ಯವಸ್ಥೆಗಳ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದರಿಂದ ಆ ವಿಳಂಬ ಗಮನಕ್ಕೆ ಬಾರದಷ್ಟು ಕಿರಿದಾಗಿದೆ. ಇದರಿಂದಾಗಿ ದೂರದಿಂದ ಮಾಡುವ ಕೆಲಸಗಳ ಬಾಗಿಲು ತೆರೆದಿದೆ ಎಂಬುದು ಸರಿಯೇ. ಆದರೆ ತೆರೆದ ಬಾಗಿಲಿನಿಂದ ಪಟ್ಟಣದ ಕಚೇರಿಯ ಗಡಿಯಾರವೂ ಒಳಗೆ ಬರುತ್ತದೆ. ಅದಕ್ಕಾಗಿಯೇ ನಾನು ಬರೆಯುವ, ತಿದ್ದುವ, ಚಿತ್ರ ಬಿಡಿಸುವ, ಲೆಕ್ಕಪತ್ರ ಪರಿಶೀಲಿಸುವ ಕೆಲಸಗಳನ್ನು ಹುಡುಕಿ ಎನ್ನುತ್ತೇನೆ. ಕಡತವನ್ನು ಇಳಿಸಿಕೊಂಡು ಸಂಪರ್ಕ ಕಡಿದು ಕೆಲಸ ಮಾಡಿ, ಮುಗಿದ ಮೇಲೆ ಏರಿಸಿದರೆ ಸಾಕಾಗುವ ಕೆಲಸಗಳಿವು. ಗ್ರಾಹಕ ಸೇವೆಯ ಕರೆಗಳು, ಆನ್‌ಲೈನ್ ಪಾಠ, ನೇರ ವ್ಯಾಖ್ಯಾನ ಇವೆಲ್ಲ ಗೌರವದ ಕೆಲಸಗಳೇ. ಈ ಬಗೆಯ ಮನೆಗೆ ಮಾತ್ರ ಒಗ್ಗುವುದಿಲ್ಲ.

ಬ್ಯಾಟರಿಯನ್ನು ಕಸುಬಿನ ಖರ್ಚಿನ ಪಟ್ಟಿಗೆ ಸೇರಿಸದವರನ್ನು ಬಹಳ ನೋಡಿದ್ದೇನೆ. ಬಿಸಿಲು ಪುಕ್ಕಟೆ ಎಂಬ ಮಾತು ಬಿಸಿಲಿದ್ದಾಗಲೇ ಬಳಸಿದ ವಿದ್ಯುತ್ತಿಗೆ ಹೆಚ್ಚುಕಡಿಮೆ ನಿಜ. ಬ್ಯಾಟರಿಯಲ್ಲಿ ಕೂಡಿಟ್ಟು ರಾತ್ರಿ ಬಳಸಿದ್ದಕ್ಕೆ ನಿಜವಲ್ಲ. ದಿನಕ್ಕೆ 5 ಯೂನಿಟ್ ಕೊಡಬಲ್ಲ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 3,000 ಸಲ ತುಂಬಿ ಬರಿದಾಗುವಷ್ಟು ಬಾಳಿದರೆ ತನ್ನ ಆಯಸ್ಸಿನಲ್ಲಿ 15,000 ಯೂನಿಟ್ ದಾಟಿಸುತ್ತದೆ. ಅದರ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಯೂನಿಟ್ಟಿನ ಸವೆತದ ಬೆಲೆ ಸಿಗುತ್ತದೆ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ನಿಯಮವಿರುವುದರಿಂದಲೂ ಅದರ ಆಯಸ್ಸು ಚಿಕ್ಕದಾದ್ದರಿಂದಲೂ ಕೊಳ್ಳುವಾಗ ಅಗ್ಗವೆನಿಸಿದ್ದು ಈ ಭಾಗಾಕಾರದ ಕೊನೆಯಲ್ಲಿ ದುಬಾರಿಯಾಗಿ ನಿಲ್ಲುವುದುಂಟು. ರಾತ್ರಿ ಕೆಲಸಕ್ಕೆ ಗಂಟೆಗೆ ಇಷ್ಟು ಎಂದು ದರ ಹೇಳುವ ಮುಂಚೆ ಈ ಭಾಗಾಕಾರವನ್ನು ಒಮ್ಮೆ ಮಾಡುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧವಾದ ಹೊತ್ತು ಮಧ್ಯಾಹ್ನ. ಒಳ್ಳೆಯ ಬಿಸಿಲಿನ ದಿನ ಬ್ಯಾಟರಿ ನಡುಹಗಲಿನ ಹೊತ್ತಿಗೆ ತುಂಬಿಬಿಡುತ್ತದೆ. ಆಮೇಲೆ ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್ ಪ್ಯಾನೆಲ್ಲಿನಿಂದ ಬರುವುದನ್ನು ತಾನೇ ತಡೆಹಿಡಿಯುತ್ತದೆ. ಪ್ಯಾನೆಲ್ ಕೊಡಲು ಸಿದ್ಧವಿದೆ, ತೆಗೆದುಕೊಳ್ಳುವವರಿಲ್ಲ. ಆಫ್‌ಗ್ರಿಡ್ ಮನೆಯಲ್ಲಿ ನಿಜವಾಗಿಯೂ ಪುಕ್ಕಟೆ ಎನ್ನಬಹುದಾದ ವಿದ್ಯುತ್ ಇದೊಂದೇ, ಮತ್ತು ಬಹುಮಟ್ಟಿಗೆ ಇದು ವ್ಯರ್ಥವಾಗುತ್ತದೆ. ಮರಗೆಲಸದವರು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. 1,200 ವಾಟ್ ಎಳೆಯುವ ಗರಗಸವನ್ನು ರಾತ್ರಿ ಓಡಿಸಿದರೆ ಬ್ಯಾಟರಿ ನರಳುತ್ತದೆ. ನಡುಮಧ್ಯಾಹ್ನ ಓಡಿಸಿದರೆ ಬ್ಯಾಟರಿಗೆ ಅದು ಗೊತ್ತೇ ಆಗುವುದಿಲ್ಲ. ಅಳತೆ ಮಾಡುವುದು, ಗುರುತು ಹಾಕುವುದು, ಉಳಿಯಿಂದ ಕೆತ್ತುವುದು, ಉಜ್ಜುವುದು ಇವೆಲ್ಲ ಬೆಳಿಗ್ಗೆ ಮತ್ತು ಮೋಡದ ದಿನಗಳಿಗೆ. ಕೊಯ್ಯುವುದು, ಕೊರೆಯುವುದು, ಹತ್ತರಿ ಹೊಡೆಯುವುದು ನಡುಹಗಲಿಗೆ. ಹೀಗೆ ಒಂದೇ ಕಸುಬನ್ನು ಕೈಗೆಲಸದ ಭಾಗ, ಯಂತ್ರದ ಭಾಗ ಎಂದು ಎರಡಾಗಿ ಸೀಳಲು ಸಾಧ್ಯವಾಗುವುದಾದರೆ ಅದು ಈ ಬದುಕಿಗೆ ಹೇಳಿ ಮಾಡಿಸಿದ ಕಸುಬು. ಹೊಲಿಗೆ, ಪುಸ್ತಕ ಕಟ್ಟುವುದು, ಚರ್ಮದ ಕೆಲಸ ಇವೂ ಇದೇ ಜಾತಿಗೆ ಸೇರಿದವು.

ಸರಕು ಮಾಡಿ ಮಾರುವವರಿಗೆ ಬಿಸಿಲಿನ ಜೊತೆಗೆ ದಾರಿಯ ಲೆಕ್ಕವೂ ಬಂದು ಸೇರುತ್ತದೆ. ಜರ್ಮನಿಯ ಜಮೀನುದಾರ ಮತ್ತು ಅರ್ಥಶಾಸ್ತ್ರಜ್ಞ ಯೋಹಾನ್ ಹೈನ್‌ರಿಶ್ ಫಾನ್ ಟ್ಯೂನೆನ್ 1826ರಲ್ಲಿ ಒಂದು ಸರಳ ಚಿತ್ರವನ್ನು ಮುಂದಿಟ್ಟರು. ನಡುವೆ ಒಂದೇ ಒಂದು ಪಟ್ಟಣ, ಸುತ್ತಲೂ ಸಮನಾದ ಬಯಲು. ಆಗ ಬೇಗ ಕೆಡುವ ಹಾಲು ತರಕಾರಿಗಳು ಪಟ್ಟಣಕ್ಕೆ ಅಂಟಿಕೊಂಡ ವಲಯದಲ್ಲಿ, ಸಾಗಿಸಲು ಭಾರವಾದ ಸೌದೆ ಅದರಾಚೆ, ಕೆಡದೆ ಉಳಿಯುವ ಧಾನ್ಯ ಇನ್ನೂ ಆಚೆ, ತಮ್ಮ ಕಾಲಮೇಲೆ ತಾವೇ ನಡೆದು ಮಾರುಕಟ್ಟೆಗೆ ಬರಬಲ್ಲ ಜಾನುವಾರುಗಳು ಎಲ್ಲಕ್ಕಿಂತ ಹೊರಗಿನ ವಲಯದಲ್ಲಿ ನೆಲೆಗೊಳ್ಳುತ್ತವೆ. ಹೊಸದಾಗಿ ದೂರದ ಜಮೀನಿಗೆ ಹೋದವರು ಮೊದಲು ಮಾಡಲು ಹೊರಡುವುದು ತಾಜಾ ತರಕಾರಿ ಮಾರುವ ಕೆಲಸ, ಅಂದರೆ ಹೊರವಲಯದಲ್ಲಿ ಕುಳಿತು ಒಳವಲಯದ ಕಸುಬು. ತರಕಾರಿ ಕೊಯ್ದ ಗಳಿಗೆಯಿಂದಲೇ ಗಡಿಯಾರ ಓಡಲು ಶುರುವಾಗುತ್ತದೆ, ತಂಪು ಪೆಟ್ಟಿಗೆಗೆ ಹಗಲಿರುಳು ವಿದ್ಯುತ್ ಬೇಕು, ವಾಹನಕ್ಕೆ ವಾರಕ್ಕೆ ಹಲವು ಸಲ ಇಂಧನ ಬೇಕು. ಮನೆಗೆ ಬೇಕಾದ ತರಕಾರಿ ಬೆಳೆದುಕೊಳ್ಳುವುದು ಉಳಿತಾಯ. ಅದನ್ನೇ ಮಾರಾಟಕ್ಕೆ ಹಿಗ್ಗಿಸುವುದು ಬೇರೆಯೇ ಕಥೆ.

ದೂರದವರು ಮಾರಬೇಕಾದ್ದು ಹಗುರವಾದ, ಬಹುಕಾಲ ಕೆಡದ ವಸ್ತುವನ್ನು. ಅಮೆರಿಕದಲ್ಲಿ ಸ್ವಾವಲಂಬಿ ಬದುಕಿಗೆ ಹೆಸರಾದ ಸ್ಕಾಟ್ ಮತ್ತು ಹೆಲೆನ್ ನಿಯರಿಂಗ್ 1932ರಲ್ಲಿ ನ್ಯೂಯಾರ್ಕ್ ಬಿಟ್ಟು ವರ್ಮಾಂಟ್ ರಾಜ್ಯದ ಹಳ್ಳಿಗೆ ಹೋಗಿ ನೆಲೆಸಿದಾಗ ಆರಿಸಿಕೊಂಡದ್ದು ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡುವ ಕಸುಬನ್ನು. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಪಾಕ ಸಿಗುತ್ತದೆ. ರಸ ಭಾರ, ಬೇಗ ಕೆಡುತ್ತದೆ. ಪಾಕ ಹಗುರ, ಕೆಡುವುದಿಲ್ಲ. ಕಾಯಿಸಲು ಬೇಕಾದ ಸೌದೆ ಅದೇ ಕಾಡಿನದು. ಹೊರಗಿನ ಇಂಧನವಿಲ್ಲದೆ ಸ್ಥಳದಲ್ಲೇ ನೀರನ್ನು ಓಡಿಸಿ ಬೆಲೆಯನ್ನು ಮಾತ್ರ ದಾರಿಗೆ ಹಾಕುವ ಉಪಾಯ ಇದು. ವರ್ಷಕ್ಕೆ ಎಷ್ಟು ನಗದು ಬೇಕೆಂದು ಮೊದಲೇ ಲೆಕ್ಕ ಹಾಕಿ, ಅಷ್ಟು ಸಿಕ್ಕ ಮೇಲೆ ಆ ವರ್ಷಕ್ಕೆ ನಗದಿನ ಕೆಲಸವನ್ನು ನಿಲ್ಲಿಸುವುದು ಅವರ ಪದ್ಧತಿಯಾಗಿತ್ತು. 1952ರಲ್ಲಿ ಮೇನ್ ರಾಜ್ಯಕ್ಕೆ ಹೋದ ಮೇಲೆ ಬ್ಲೂಬೆರಿ ಅವರ ನಗದು ಬೆಳೆಯಾಯಿತು. ಅವರಿಗೆ ಬರವಣಿಗೆಯಿಂದಲೂ ಉಪನ್ಯಾಸಗಳಿಂದಲೂ ಹಣ ಬರುತ್ತಿತ್ತು ಎಂಬುದನ್ನು ಅವರ ಅಭಿಮಾನಿಗಳು ಕೆಲವೊಮ್ಮೆ ಮರೆಯುತ್ತಾರೆ. ನನಗಂತೂ ಅದರಲ್ಲಿ ಕೊರತೆಯೇನೂ ಕಾಣುವುದಿಲ್ಲ.

ನೀರನ್ನು ಓಡಿಸುವ ಕೆಲಸಕ್ಕೆ ಸೋಲಾರ್ ವಿದ್ಯುತ್ ಬಳಸುವುದು ಮಾತ್ರ ಬೇಡ. ತಾಜಾ ಅಣಬೆಯಲ್ಲಿ ಹತ್ತಿರ ಹತ್ತಿರ ಶೇಕಡ 90ರಷ್ಟು ನೀರೇ ಇರುತ್ತದೆ. 10 ಕಿಲೋ ಅಣಬೆಯನ್ನು ಒಣಗಿಸಿ 1 ಕಿಲೋ ಮಾಡಬೇಕಾದರೆ 9 ಲೀಟರ್ ನೀರು ಆವಿಯಾಗಬೇಕು, ಅದಕ್ಕೆ ಏನೂ ಪೋಲಾಗದಿದ್ದರೂ 6 ಯೂನಿಟ್ಟಿನಷ್ಟು ಶಾಖ ಬೇಕು. ಮೇಲೆ ಹೇಳಿದ ನನ್ನ ಕಚೇರಿಯನ್ನು ಅಷ್ಟರಲ್ಲಿ ಒಂಬತ್ತು ದಿನ ನಡೆಸಬಹುದು. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಐದನೆಯ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತದೆ. ಕಪ್ಪು ಬಳಿದ ತಗಡು, ಮೇಲೊಂದು ಗಾಜು, ಕೆಳಗಿನಿಂದ ಗಾಳಿ ಒಳಬಂದು ಮೇಲಿನಿಂದ ಹೊರಹೋಗುವ ದಾರಿ ಇಷ್ಟಿರುವ ಒಣಗಿಸುವ ಪೆಟ್ಟಿಗೆ ಅದೇ ಬಿಸಿಲನ್ನು ನೇರವಾಗಿ ಶಾಖವಾಗಿ ಬಳಸುತ್ತದೆ, ಕೆಡುವಂಥದ್ದೇನೂ ಅದರಲ್ಲಿಲ್ಲ.

ಜೇನಿನ ವಿಷಯದಲ್ಲಿ ಈ ಕೆಲಸವನ್ನು ನೊಣಗಳೇ ಮಾಡಿಕೊಡುತ್ತವೆ. ಹೂವಿನ ಮಕರಂದದಲ್ಲಿ ಬಹುಪಾಲು ನೀರೇ ಇರುತ್ತದೆ. ನೊಣಗಳು ರಾತ್ರಿಯಿಡೀ ರೆಕ್ಕೆ ಬೀಸಿ ಅದನ್ನು ಶೇಕಡ 18ರ ಆಸುಪಾಸಿಗೆ ಇಳಿಸಿದ ಮೇಲೆಯೇ ಕೋಶಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಜೇನುತುಪ್ಪಕ್ಕೆ ಸಾಮಾನ್ಯವಾಗಿ ಇರುವ ಮಿತಿ ಶೇಕಡ 20. ಮುಚ್ಚಳ ಬಿದ್ದ ಎರಿಯನ್ನಷ್ಟೇ ತೆಗೆದರೆ ತುಪ್ಪ ಹುಳಿಯುವ ಭಯವಿಲ್ಲ. ಡಬ್ಬದಲ್ಲಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕಾಯುತ್ತದೆ, ಬೆಲೆ ಒಪ್ಪಿಗೆಯಾಗದಿದ್ದರೆ ಮಾರದೆ ಇಟ್ಟುಕೊಳ್ಳಬಹುದು. ತರಕಾರಿಯವರಿಗೆ ಈ ಠೀವಿ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ದೂರವೇ ಬಂಡವಾಳವಾಗುವ ಕಸುಬುಗಳೂ ಇವೆ, ಮತ್ತು ಇವುಗಳ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ ಎಂಬುದು ನನ್ನ ತಕರಾರು. ಪೆಟ್ಟಿಗೆ ಜೇನಿನ ರಾಣಿ ಹಾರಾಟದಲ್ಲಿಯೇ ಹತ್ತು ಇಪ್ಪತ್ತು ಗಂಡುನೊಣಗಳೊಡನೆ ಕೂಡುತ್ತದೆ. ಆ ಗಂಡುನೊಣಗಳು ಎಲ್ಲಿಯವು ಎಂದು ಖಚಿತವಾಗಿ ಹೇಳಬೇಕಾದರೆ ಸುತ್ತ ಹಲವು ಕಿಲೋಮೀಟರಿನಲ್ಲಿ ಬೇರೆಯವರ ಪೆಟ್ಟಿಗೆಗಳಿರಬಾರದು. ತಳಿ ಕಾಯ್ದುಕೊಂಡ ರಾಣಿಯನ್ನು ನಾಲ್ಕಾರು ಪರಿಚಾರಕ ನೊಣಗಳ ಜೊತೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪಂಜರದಲ್ಲಿ ಹಾಕಿ ಅಂಚೆಯಲ್ಲಿ ಕಳುಹಿಸುತ್ತಾರೆ. ಅಷ್ಟು ಕಡಿಮೆ ತೂಕದಲ್ಲಿ ಅಷ್ಟು ಬೆಲೆ ಬಾಳುವ ಕೃಷಿ ಉತ್ಪನ್ನ ಇನ್ನೊಂದು ನನಗೆ ನೆನಪಾಗುವುದಿಲ್ಲ. ಬೀಜೋತ್ಪಾದನೆಯೂ ಹೀಗೆಯೇ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ತೇಲಿ ಬರುತ್ತದೆ, ಕುಂಬಳದ್ದು ನೊಣಗಳ ಮೈಗಂಟಿ ಬರುತ್ತದೆ. ಅಕ್ಕಪಕ್ಕ ಬೇರೆ ತಳಿಯ ಹೊಲವಿಲ್ಲದಿದ್ದರೆ ಬೀಜ ಕಲಬೆರಕೆಯಾಗುವುದಿಲ್ಲ. ಅಕ್ಕಪಕ್ಕವೇ ಇಲ್ಲದವರಿಗೆ ಇದು ಪುಕ್ಕಟೆಯಾಗಿ ಸಿಕ್ಕ ಅನುಕೂಲ. ನಮ್ಮದೇ ತೋಟದಲ್ಲಿ ಎರಡು ಬಗೆಯ ಕುಂಬಳ ಹಾಕಿ ಪಕ್ಕದಲ್ಲಿ ಜೇನುಪೆಟ್ಟಿಗೆ ಇಟ್ಟರೆ ಈ ಅನುಕೂಲ ಮಣ್ಣುಪಾಲು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗದ್ದಲವಿಲ್ಲದ ಜಾಗದಲ್ಲಿ ಹಕ್ಕಿಗಳ, ಹೊಳೆಯ ಧ್ವನಿಮುದ್ರಣ ಮಾಡುವವರು, ಬೆಳಕಿನ ಮಾಲಿನ್ಯವಿಲ್ಲದ ಆಕಾಶದ ಕೆಳಗೆ ಬೇರೆಯವರ ದೂರದರ್ಶಕಗಳನ್ನು ಬಾಡಿಗೆಗೆ ನಿಲ್ಲಿಸಿಕೊಂಡು ನೋಡಿಕೊಳ್ಳುವವರು ಇದೇ ಸಾಲಿನಲ್ಲಿ ಬರುತ್ತಾರೆ.

ರಿಪೇರಿಯ ಕೆಲಸ ನಾನು ಹುಡುಕಿಕೊಂಡು ಹೋದದ್ದಲ್ಲ. ಸ್ವಂತ ವ್ಯವಸ್ಥೆಯನ್ನು ಸಂಭಾಳಿಸುತ್ತಾ ಕಲಿತದ್ದನ್ನು ಕಂಡು ಬೇರೆಯವರು ಕರೆಯಲಾರಂಭಿಸಿದರು. ಬ್ಯಾಟರಿ ಸತ್ತುಹೋಗಿದೆ, ಹೊಸದು ಕೊಡಿಸಿ ಎಂದು ಕರೆ ಬರುತ್ತದೆ. ಹೋಗಿ ನೋಡಿದರೆ ಸೀಸ-ಆಮ್ಲದ ಬ್ಯಾಟರಿಯ ಟರ್ಮಿನಲ್ಲಿನ ಸುತ್ತ ಹಸಿರು ಬಿಳುಪಿನ ಹೊಟ್ಟು ಕಟ್ಟಿಕೊಂಡಿರುತ್ತದೆ. ಮಲ್ಟಿಮೀಟರ್ ಬ್ಯಾಟರಿಯ ಕಂಬಗಳ ನಡುವೆ 12.6 ವೋಲ್ಟ್ ತೋರಿಸುತ್ತದೆ, ಅಂದರೆ ಅದು ಹೆಚ್ಚುಕಡಿಮೆ ತುಂಬಿದೆ. ಮಿಕ್ಸರನ್ನೋ ಪಂಪನ್ನೋ ಚಾಲೂ ಮಾಡಿಸಿ ಇನ್ವರ್ಟರಿನ ಕಡೆಯ ತುದಿಯಲ್ಲಿ ಅಳೆದರೆ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಾಣೆಯಾಗಿರುತ್ತದೆ. 100 ಆಂಪಿಯರ್ ಹರಿಯುವ ಜೋಡಣೆಯಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ತಡೆ ಹುಟ್ಟಿದರೂ 1 ವೋಲ್ಟ್ ನಷ್ಟವಾಗುತ್ತದೆ ಮತ್ತು ತಂತಿಯ ತುದಿಯ ಆ ಪುಟ್ಟ ಲೋಹದ ಬಳೆಯ (ಲಗ್) ಮೇಲೆ 100 ವಾಟ್ ಶಾಖ ಏಳುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. ಮೊದಲು ಎಲ್ಲ ಲೋಡನ್ನೂ ಆರಿಸಿ, ಋಣ ತಂತಿಯನ್ನು ಬಿಚ್ಚಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ಆ ಹೊಟ್ಟನ್ನು ತೊಳೆದು, ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಒಣಗಿಸಿ, ಬಿಗಿಯಾಗಿ ಜೋಡಿಸಿ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸತ್ತ ಬ್ಯಾಟರಿ ಎದ್ದು ಕೂರುತ್ತದೆ. ಲಿಥಿಯಂ ಬ್ಯಾಟರಿಯ ತೊಂದರೆ ಬೇರೆ ಬಗೆಯದು. ಅದರ ವೋಲ್ಟೇಜ್ ತುಂಬಿದಾಗಲೂ ಅರ್ಧವಾದಾಗಲೂ ಹೆಚ್ಚು ಬದಲಾಗದೆ ನಿಂತಿರುವುದರಿಂದ ವೋಲ್ಟ್‌ಮೀಟರಿನಿಂದ ಅದರ ಹೊಟ್ಟೆ ತಿಳಿಯುವುದಿಲ್ಲ. ಒಳಹೋದ ಹೊರಬಂದ ಆಂಪಿಯರುಗಳನ್ನು ಎಣಿಸುವ ಶಂಟ್ ಮೀಟರನ್ನು ಹಾಕಿಕೊಡಬೇಕು. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಪ್ರದೇಶಗಳಲ್ಲಾದರೆ ಆ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು ಎಂದು ಮನೆಯವರಿಗೆ ಒತ್ತಿ ಹೇಳಬೇಕು.

ಈ ರಿಪೇರಿ ಕರೆಗಳು ಬರುವುದು ಸಾಮಾನ್ಯವಾಗಿ ಮೋಡದ ವಾರಗಳಲ್ಲಿ. ಬಿಸಿಲು ಧಾರಾಳವಾಗಿದ್ದಾಗ ಸಡಿಲ ಜೋಡಣೆಯ ದೋಷ ಯಾರ ಗಮನಕ್ಕೂ ಬರುವುದಿಲ್ಲ. ಅದೇ ವಾರಗಳಲ್ಲಿ ನನ್ನ ಮೇಜಿನ ಕೆಲಸ ಕುಂಟುತ್ತಿರುತ್ತದೆ. ಜೇನಿನ ಕೆಲಸ ಹೂವಿನ ಕಾಲದಲ್ಲಿ ಉಕ್ಕಿ ಬಂದು ಉಳಿದಂತೆ ಬಹುಪಾಲು ಸುಮ್ಮನಿರುತ್ತದೆ. ಒಂದೇ ದೊಡ್ಡ ಆದಾಯಕ್ಕಿಂತ ಹಲವು ಸಣ್ಣ ಆದಾಯಗಳು ಮೇಲು ಎಂದು ಎಲ್ಲರೂ ಹೇಳುತ್ತಾರೆ. ಹಲವಾಗಿದ್ದರಷ್ಟೇ ಸಾಲದು, ಅವು ಸೊರಗುವ ಕಾಲಗಳು ಬೇರೆ ಬೇರೆಯಾಗಿರಬೇಕು. ಮೂರು ಕಸುಬುಗಳೂ ಬಿಸಿಲನ್ನೇ ನೆಚ್ಚಿಕೊಂಡಿದ್ದರೆ ಅವು ಸಂಪಾದನೆಯ ದೃಷ್ಟಿಯಿಂದ ಒಂದೇ ಕಸುಬು.

ಅತಿಥಿಗಳನ್ನು ಇರಿಸಿಕೊಂಡು ಹಣ ಪಡೆಯುವ ದಾರಿಯನ್ನು ಅನೇಕರು ಹೊಗಳುತ್ತಾರೆ. ಅತಿಥಿ ಬಂದ ದಿನ ಮೋಡವಿರಬಾರದು, ನೀರಿನ ತೊಟ್ಟಿ ಅರ್ಧವಾಗಿರಬಾರದು, ಶೌಚದ ಗುಂಡಿಯ ಸಾಮರ್ಥ್ಯ ಮೀರಬಾರದು. ಅವರ ಚೀಲದಲ್ಲಿ 1,500 ವಾಟಿನ ಕೂದಲು ಒಣಗಿಸುವ ಯಂತ್ರ ಇರಲೇಬಾರದು, ಇದ್ದೇ ಇರುತ್ತದೆ. ಒಂದು ವಾರ ಉಳಿದು ಏನಾದರೂ ಕಲಿತು ಹೋಗುವ ಶಿಬಿರಗಳು, ಅವೂ ಒಳ್ಳೆಯ ಋತುವಿನಲ್ಲಿ ಮಾತ್ರ, ಇದಕ್ಕಿಂತ ಮೇಲು. ಇನ್ನು ಆಫ್‌ಗ್ರಿಡ್ ಬದುಕನ್ನೇ ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಹಾಕಿ ಬದುಕುವವರ ಸಂಖ್ಯೆ ಬೆಳೆಯುತ್ತಿದೆ. ಅದು ಕಸುಬೇ ಹೌದು, ಕಷ್ಟದ ಕಸುಬು. ಅದನ್ನು ನೋಡುವವರು ಮಾತ್ರ ಆ ಮನೆಯ ಖರ್ಚನ್ನು ಎಷ್ಟರಮಟ್ಟಿಗೆ ತೋಟ ಹೊರುತ್ತಿದೆ, ಎಷ್ಟರಮಟ್ಟಿಗೆ ಜಾಹೀರಾತು ಹೊರುತ್ತಿದೆ ಎಂದು ಕೇಳಿಕೊಂಡು ತಮ್ಮ ಯೋಜನೆ ಹಾಕಬೇಕು.

ಖರ್ಚಿನ ಕಡೆಗೆ ಬಂದರೆ, ವಿದ್ಯುತ್ ಬಿಲ್ಲು ಇಲ್ಲ ಎಂಬುದು ಖರ್ಚಿಲ್ಲ ಎಂಬ ಭ್ರಮೆ ಹುಟ್ಟಿಸುತ್ತದೆ. ಇಂಟರ್ನೆಟ್, ದೂರವಾಣಿ, ವಾಹನ, ವಿಮೆ, ಔಷಧ, ಮಕ್ಕಳ ವಿದ್ಯಾಭ್ಯಾಸ ಇವು ನಗದನ್ನೇ ಕೇಳುತ್ತವೆ ಮತ್ತು ತಿಂಗಳಿಗೊಮ್ಮೆ ಕೇಳುತ್ತವೆ. ನಮ್ಮ ಆದಾಯ ಮಾತ್ರ ಋತುವಿಗೊಮ್ಮೆ ಗುಪ್ಪೆಯಾಗಿ ಬಂದು ಬೀಳುತ್ತದೆ. ಸಂಪಾದನೆ ಸಾಲದೆ ಸೋತವರಷ್ಟೇ ಜನ ಸಂಪಾದನೆ ತಡವಾಗಿ ಸೋತಿರಬೇಕು ಎಂಬುದು ನನ್ನ ಅಂದಾಜು. ಕಡಿಮೆ ಎಂದರೂ ಒಂದು ಇಡೀ ಋತುವನ್ನು ದಾಟಿಸುವಷ್ಟು ನಗದನ್ನು ಪ್ಯಾನೆಲ್ ಕೊಳ್ಳುವುದಕ್ಕಿಂತ ಮೊದಲೇ ಬೇರೆ ಇಟ್ಟಿರಬೇಕು, ಬ್ಯಾಟರಿ ಬದಲಿಸುವ ದಿನಕ್ಕೆಂದು ಪ್ರತಿ ಸಂಪಾದನೆಯಿಂದಲೂ ಒಂದು ಪಾಲು ತೆಗೆದಿಡಬೇಕು. ತಂತಿಯಿಂದ ಹೊರಗಿರುವುದು ಕಾನೂನಿನಿಂದ ಹೊರಗಿರುವುದಲ್ಲ ಎಂಬುದನ್ನೂ ಸೇರಿಸಬೇಕು: ಆಹಾರ ಪದಾರ್ಥ ಮಾರಲು ಪರವಾನಗಿ, ಆದಾಯಕ್ಕೆ ತೆರಿಗೆ ಎಲ್ಲರಿಗಿರುವಂತೆ ನಮಗೂ ಇವೆ. ದುಡ್ಡಿಲ್ಲದೆ ವಸ್ತುವಿಗೆ ವಸ್ತು, ಕೆಲಸಕ್ಕೆ ಕೆಲಸ ಬದಲಿಸಿಕೊಂಡರೂ ಅದನ್ನು ಆದಾಯವೆಂದು ಎಣಿಸುವ ದೇಶಗಳು ಹಲವಿವೆ.

ಗ್ರಾಹಕರೊಡನೆ ಒಪ್ಪಂದ ಮಾಡಿಕೊಳ್ಳುವಾಗ ನಾನು ತಾರೀಕಿನ ಬದಲು ವಾರವನ್ನು ಬರೆಯುತ್ತೇನೆ: ಕರಡು ಇಂಥ ವಾರದೊಳಗೆ ತಲುಪುತ್ತದೆ, ಸಂದೇಶಗಳಿಗೆ ಮರುದಿನ ಉತ್ತರ ಬರುತ್ತದೆ, ವಿಡಿಯೊ ಸಭೆ ಬೇಕಿದ್ದರೆ ಹಗಲಿನ ನಡುವೆ. ಅವಸರದ ಕೆಲಸಕ್ಕೆ ಬೇರೆ ದರವಿದೆ, ಮತ್ತು ಆ ದರ ಹೆಚ್ಚಿರುವುದಕ್ಕೆ ಕಾರಣವನ್ನೂ ಹೇಳುತ್ತೇನೆ. ಮೋಡದ ವಾರದಲ್ಲಿ ಅವಸರವೆಂದರೆ ಜನರೇಟರ್, ಅದರಲ್ಲಿ ಸಣ್ಣ ಪೆಟ್ರೋಲ್ ಜನರೇಟರಿನಿಂದ ಲೀಟರಿಗೆ 2 ಯೂನಿಟ್ ಸಿಕ್ಕರೆ ದೊಡ್ಡದು, ಲ್ಯಾಪ್‌ಟಾಪಿನಷ್ಟು ಹಗುರ ಹೊರೆಗೆ ಓಡಿಸಿದರೆ ಅದೂ ಸಿಗುವುದಿಲ್ಲ. ಆದ್ದರಿಂದ ಜನರೇಟರ್ ಓಡಿಸಬೇಕಾದ ದಿನ ಬ್ಯಾಟರಿ ಚಾರ್ಜಿಗೂ ನೀರಿನ ಪಂಪಿಗೂ ಸೇರಿಸಿ ಓಡಿಸುತ್ತೇನೆ. ಈ ಷರತ್ತುಗಳಿಗೆ ಒಪ್ಪದ ಗ್ರಾಹಕರು ಇದ್ದೇ ಇರುತ್ತಾರೆ, ಅವರ ಅವಸರವೂ ನ್ಯಾಯವಾದದ್ದೇ. ಅಂಥವರನ್ನು ಪಟ್ಟಣದಲ್ಲಿರುವ ಸಹೋದ್ಯೋಗಿಗಳ ಬಳಿಗೆ ಕಳುಹಿಸಿಕೊಡುತ್ತೇನೆ. ನಾಳೆಯೇ ಬೇಕು ಎಂಬ ಕೆಲಸಗಳು ಅವರಿಗೆ ಸಲೀಸು. ತಿಂಗಳುಗಟ್ಟಲೆ ಹಿಡಿಯುವ, ನೂರಾರು ಪುಟಗಳ, ಯಾರೂ ದಿನ ಎಣಿಸದ ಕೈಪಿಡಿಗಳು ಬಂದಾಗ ಅವರು ನನ್ನ ಕಡೆಗೆ ದಾಟಿಸುತ್ತಾರೆ.